ರೇಸ್ ಹೊಡೆದವರ ಕಿವಿ

“ಇಷ್ಟ ವರ್ಷ ರೇಸ್ ಹೊಡದ್ರಿ, ಕಡೀಕ ಏನ್ ಸಿಕ್ತ್ರೀ ನಿಮಗ?” ಎಂದು ಗೃಹಸ್ಥರೊಬ್ಬರು ಅಂಗಡಿಯವರನ್ನು ಕೇಳಿದ್ದು ಈ ಸೋಮವಾರ ಸಂಜೆ, ಹುಬ್ಬಳ್ಳಿಯ ಒಂದು ಸೈಕಲ್ ಅಂಗಡಿಯಲ್ಲಿ. ಅಂಗಡಿಯವರು ನನ್ನ ಸೈಕಲ್ಲಿನ ಪೆಡಲನ್ನು ಹಿಂದಕ್ಕೆ ಒಂದು ಸುತ್ತು ತಿರುವಿ, ತಲೆ ಎತ್ತದೆ, “ಈ ಕಿವಿ ಸಿಕ್ತ್ರೀ” ಎಂದರು. ಗೃಹಸ್ಥರು ನಕ್ಕರು. ನನಗೆ ನಗು ಬರಲಿಲ್ಲ. ವಾರವಿಡೀ ಆ ಪ್ರಶ್ನೆಯೂ ಆ ಉತ್ತರವೂ ತಲೆಯಲ್ಲಿ ಸುತ್ತುತ್ತಲೇ ಇವೆ.

ನನ್ನ ಸೈಕಲ್ಲು ತುಳಿದಾಗಲೆಲ್ಲ ‘ಕಟಕ್’ ಎನ್ನುತ್ತಿತ್ತು. ಬೇರೊಂದು ಕಡೆ ಚೈನನ್ನೂ ಫ್ರೀವೀಲನ್ನೂ ಬದಲಾಯಿಸಿ ದುಡ್ಡು ಪಡೆದಿದ್ದರು, ಸದ್ದು ಮಾತ್ರ ಹೋಗಿರಲಿಲ್ಲ. ಇವರು ಯಾವ ಪಾನಾ ಹಿಡಿಯುವ ಮೊದಲೇ ನನ್ನನ್ನು ಬೀದಿಗೆ ಕಳುಹಿಸಿ, ಮೊದಲು ಕೂತು, ಆಮೇಲೆ ಎದ್ದುನಿಂತು ತುಳಿಯಲು ಹೇಳಿದರು. ಎದ್ದುನಿಂತು ತುಳಿದಾಗ ಸದ್ದು ನಿಂತಿತು. “ಚೈನಿಂದಲ್ರೀ, ಸೀಟಿಂದು” ಎಂದು ಸೀಟಿನ ಕೊಳವೆಯನ್ನು ಹೊರಗೆಳೆದರೆ, ಅದರ ಸುತ್ತ ಮಳೆಗಾಲದ ಎರೆಮಣ್ಣು ಒಣಗಿ ಕಪ್ಪು ಪುಡಿಯಾಗಿ ಅಂಟಿಕೊಂಡಿತ್ತು. ಬಟ್ಟೆಯಿಂದ ಒರೆಸಿ, ತೆಳ್ಳಗೆ ಗ್ರೀಸ್ ಸವರಿ, ಮೊದಲಿದ್ದ ಎತ್ತರಕ್ಕೇ ಕೂರಿಸಿ ಬಿಗಿದರು. ಕೆಲಸ ಮುಗಿಯಿತು.

ಈ ಕಿವಿ ಎಲ್ಲಿಂದ ಬಂತೆಂದು ನಾನೇ ಕೇಳಿದೆ. ಗದಗ ಜಿಲ್ಲೆಯ ಅವರ ಊರಿನಲ್ಲಿ ಜಾತ್ರೆಗೆ ಸೈಕಲ್ ಶರ್ಯತ್ತು ಇರುತ್ತಿತ್ತಂತೆ. ಅಪ್ಪನ ಕರಿ ಸೈಕಲ್ಲಿನ ಕ್ಯಾರಿಯರ್, ಮಡ್‌ಗಾರ್ಡ್, ಸ್ಟ್ಯಾಂಡುಗಳನ್ನೆಲ್ಲ ಹಿಂದಿನ ರಾತ್ರಿ ಬಿಚ್ಚಿಟ್ಟು ಹಗುರ ಮಾಡಿಕೊಂಡು, ಪೈಪಿನ ಕೆಳಗಿಂದ ಕಾಲು ಹಾಕಿ ತುಳಿಯುವ ವಯಸ್ಸಿನಲ್ಲೇ ಅವರು ಅದರಲ್ಲಿ ಓಡಿದ್ದರು. ಮುಂದೆ ಕ್ರೀಡಾ ಹಾಸ್ಟೆಲ್ಲು, ಅಲ್ಲಿಂದ ಸಂಸ್ಥೆಯೊಂದರ ತಂಡದಲ್ಲಿ ಸಂಬಳ ಪಡೆದು ಕೆಲವು ವರ್ಷಗಳ ರೇಸು. ತಾಲೀಮೆಲ್ಲ ಗದಗ–ಮುಂಡರಗಿ ರಸ್ತೆಯಲ್ಲಿ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಆ ಗಾಳಿಗೆ ಎದುರಾಗಿ ಒಬ್ಬನೇ ತುಳಿಯುವುದೆಂದರೆ ಎದೆ ಒಡೆಯುವ ಕೆಲಸ. ಆದ್ದರಿಂದ ರೇಸಿನವರು ಮುಂದಿನವನ ಹಿಂದಿನ ಗಾಲಿಗೆ ಗೇಣಿನ ಅಂತರದಲ್ಲಿ ಅಂಟಿಕೊಂಡು, ಅವನ ಮರೆಯಲ್ಲಿ ಶಕ್ತಿ ಉಳಿಸುತ್ತಾರೆ. “ಗಾಳ್ಯಾಗ ತಲಿ ಎತ್ತಾಕ ಆಗೂದಿಲ್ರೀ. ಮುಂದಿನಾಂವ ಗೇರ್ ಹಾಕಿದ ಸಪ್ಪಳ ಕೇಳಿದ್ರ, ಈಗ ಕೀಳ್ತಾನ ಅಂತ ತಿಳೀತಿತ್ತು” ಎಂದರು. ಎದುರಾಳಿಯ ಚೈನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ಇಳಿಯುವ ಸದ್ದನ್ನು ಹಿಡಿದೇ ಪಂದ್ಯ ಗೆಲ್ಲಬೇಕಾಗಿದ್ದ ಆ ಕಿವಿಗೆ ನನ್ನ ಸೀಟಿನ ‘ಕಟಕ್’ ಯಾವ ಲೆಕ್ಕ?

ಕಾಯಂ ನೌಕರಿಯ ಮಾತು ಕಡತದಲ್ಲೇ ಉಳಿಯಿತು, ವಯಸ್ಸು ನಿಲ್ಲಲಿಲ್ಲ. ಮೊದಲು ಇನ್ನೊಬ್ಬರ ಅಂಗಡಿಯಲ್ಲಿ ಪೆಟ್ಟಿಗೆಯಲ್ಲಿ ಬಂದ ಸೈಕಲ್ಲುಗಳನ್ನು ಜೋಡಿಸಿದರು, ಆಮೇಲೆ ಸ್ವಂತ ಅಂಗಡಿ ಹಾಕಿದರು. ಅವರು ಹೇಳಿದ್ದು ಇಷ್ಟೇ.

ಸೈಕಲ್ ಉದ್ಯಮವೆಂಬುದು ಬಹುಮಟ್ಟಿಗೆ ಇಂಥ ಕಿವಿ, ಕಾಲು, ಬೆರಳುಗಳ ಮೇಲೆಯೇ ನಿಂತಿದೆಯೆಂದು ನನಗನ್ನಿಸುತ್ತದೆ. ಇಟಲಿಯ ಸೈಕ್ಲಿಸ್ಟ್ ತುಲ್ಲಿಯೊ ಕಂಪಾನ್ಯೋಲೊ 1927ರಲ್ಲಿ ಘಾಟಿಯೊಂದರ ರೇಸಿನಲ್ಲಿ, ಚಳಿಗೆ ಮರಗಟ್ಟಿದ ಬೆರಳುಗಳಿಂದ ಹಿಂದಿನ ಗಾಲಿಯ ನಟ್ಟನ್ನು ಬಿಚ್ಚಲಾಗದೆ ಹಿಂದುಳಿದರೆಂಬ ಕಥೆಯಿದೆ. ಕಥೆಯ ವಿವರಗಳಿಗೆ ಎಷ್ಟು ಬಣ್ಣ ಹತ್ತಿದೆಯೋ ಏನೋ. 1933ರಲ್ಲಿ ಅವರು ವಿಚೆಂಜಾದಲ್ಲಿ ಸ್ಥಾಪಿಸಿದ ಕಂಪನಿ ಮಾತ್ರ ನಿಜ, ಪಾನಾ ಇಲ್ಲದೆ ಒಂದು ಹಿಡಿಯನ್ನು ತಿರುವಿ ಗಾಲಿ ಕಳಚುವ ವ್ಯವಸ್ಥೆ ಅವರ ಹೆಸರಿನೊಂದಿಗೇ ಜಗತ್ತಿಗೆ ಹಬ್ಬಿದ್ದೂ ನಿಜ. ಟೂರ್ ದ ಫ್ರಾನ್ಸ್ ಎಂಬ ಸೈಕಲ್ ಪಂದ್ಯವನ್ನು 5 ಸಲ ಗೆದ್ದ ಬೆಲ್ಜಿಯಂನ ಎಡ್ಡಿ ಮರ್ಕ್ಸ್ 1978ರಲ್ಲಿ ನಿವೃತ್ತರಾಗಿ, 1980ರಲ್ಲಿ ಸೈಕಲ್ ಕಾರ್ಖಾನೆ ತೆರೆದರು. ತಮ್ಮ ರೇಸಿನ ಸೈಕಲ್ಲುಗಳನ್ನು ಕಟ್ಟಿಕೊಟ್ಟಿದ್ದ ಊಗೊ ಡಿ ರೋಸಾ ಅವರಿಂದ ಆ ಕೆಲಸದ ಪಾಠ ಹೇಳಿಸಿಕೊಂಡರು. ಅಲ್ಲಿ ಓಡಿದವನ ಹೆಸರು ಫ್ರೇಮಿನ ಮೇಲೆ ಬರೆಯಲ್ಪಟ್ಟು, ಆ ಹೆಸರಿಗೇ ಬೆಲೆ ಕಟ್ಟಲಾಯಿತು. ನಮ್ಮ ಭಾಗದಲ್ಲಿ ವಿಜಯಪುರ, ಬಾಗಲಕೋಟೆ, ಗದಗಗಳಿಂದ ಸೈಕ್ಲಿಸ್ಟರು ಬರುತ್ತಲೇ ಇದ್ದಾರೆ; ನೌಕರಿ ಸಿಕ್ಕವನು ಗೆದ್ದ, ಸಿಗದವನು ಸೋತ ಎಂಬಲ್ಲಿಗೆ ಅವರ ಲೆಕ್ಕವನ್ನು ನಾವು ಮುಗಿಸಿಬಿಡುತ್ತೇವೆ.

ಆ ಗೃಹಸ್ಥರು ಕೆಟ್ಟವರೇನಲ್ಲ. ಮಗನಿಗೆ ಸೈಕಲ್ ಕೊಡಿಸಲು ಬಂದಿದ್ದರು, ಕೈತುಂಬ ರೊಕ್ಕವನ್ನೂ ತಂದಿದ್ದರು. ಆದರೆ 21 ಗೇರು, ಡಿಸ್ಕ್ ಬ್ರೇಕು, ದಪ್ಪ ಟೈರು ಬೇಕೇಬೇಕು, ಅದೂ ಹುಡುಗನ ಅಳತೆಗಿಂತ ದೊಡ್ಡದಿರಬೇಕು: “ಬೆಳೀತಾನಲ್ರೀ, ಎಸ್ಸೆಸ್ಸೆಲ್ಸಿ ಮಟಾ ಬರ್ಬೇಕು.” ಹಲ್ಲಿನ ಚಕ್ರಗಳು ಮುಂದೆ 3, ಹಿಂದೆ 7 ಇದ್ದರೆ ಗುಣಿಸಿದಾಗ 21 ಬರುತ್ತದೆಯಾದರೂ ಅವುಗಳಲ್ಲಿ ಹಲವು ಜೋಡಿಗಳು ಹೆಚ್ಚುಕಡಿಮೆ ಒಂದೇ ಅಳತೆಯವೆಂಬುದನ್ನು ಅಂಗಡಿಯವರು ತಾಳ್ಮೆಯಿಂದ ವಿವರಿಸಿದರು. ಹುಡುಗನನ್ನು ಚಿಕ್ಕದೊಂದು ಸೈಕಲ್ಲಿನ ಮೇಲೆ ಕೂರಿಸಿ, ಪೆಡಲು ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಡಿಸಿ, ಮಂಡಿ ನೆಟ್ಟಗಾಗುವವರೆಗೆ ಸೀಟನ್ನು ಏರಿಸಿದರು. ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ತುಸು ಮಡಚಿರುತ್ತದೆ, ನೋವು ಬರುವುದಿಲ್ಲ ಎಂದರು. ಹುಡುಗ ಒಂದು ಸುತ್ತು ಹೊಡೆದು ಹಿಗ್ಗಿ ಬಂದ. ತಂದೆ ಅಷ್ಟು ಹೊತ್ತೂ ಫೋನಿನಲ್ಲಿದ್ದರು. ರೇಸಿನಿಂದ ಏನು ಸಿಕ್ಕಿತೆಂದು ಅವರು ಕೇಳಿದ್ದು ಇದಾದ ಮೇಲೆ! ಸಿಕ್ಕಿದ್ದೆಲ್ಲ ಅವರ ಕಣ್ಣೆದುರಿಗೇ, ಅವರ ಮಗನ ಮಂಡಿಗೇ ಸಲ್ಲುತ್ತಿತ್ತು. “ವಿಚಾರ ಮಾಡಿ ಬರ್ತೇವ್ರೀ” ಎಂದು ಹೊರಟುಹೋದರು.

ಅಳತೆ ನೋಡಿ ಕೊಡುವುದಕ್ಕೆ ಪ್ರತ್ಯೇಕ ದರವಿಟ್ಟು ಬೋರ್ಡು ಹಾಕಿರೆಂದು ನಾನು ಹೇಳಿದೆ. ಡಾಕ್ಟರು ಗುಳಿಗೆ ಕೊಡದಿದ್ದರೂ ಫೀ ತೆಗೆದುಕೊಳ್ಳುತ್ತಾರಲ್ಲ ಎಂದೂ ವಾದಿಸಿದೆ. “ಸಾಮಾನು ಹಾಕದ ರೊಕ್ಕ ಕೇಳಿದ್ರ ಜನ ಬೈತಾರ್ರೀ ಸರ್” ಎಂದು ಅವರು ಒಪ್ಪಲಿಲ್ಲ. ನಾನು ಹಠ ಹಿಡಿದು 200 ರೂಪಾಯಿ ಇಟ್ಟೆ. ತೆಗೆದುಕೊಂಡರು, ಆದರೆ ಕೊಟ್ಟ ಚೀಟಿಯಲ್ಲಿ ‘ಗ್ರೀಸ್’ ಎಂದಷ್ಟೇ ಬರೆದರು.