ಟ್ರಾಕ್ಸ್ಲರ್ ಹೊಡೆಯದೆ ಬಿಟ್ಟ ರಾಣಿ

17 ನವೆಂಬರ್ 2024, ಭಾನುವಾರ

ಕಾರೆಲ್ ಟ್ರಾಕ್ಸ್ಲರ್ ಅಂದರೆ ಚೆಸ್ ಆಡುವವರಿಗೆ ಒಂದು ಓಪನಿಂಗ್ (ಆಟದ ಆರಂಭದ ನಡೆಗಳ ಕ್ರಮ) ನೆನಪಾಗುತ್ತದೆ. ಬಿಳಿಯ ಕುದುರೆ ಮತ್ತು ಒಂಟೆ ಎರಡೂ ಕಪ್ಪು ರಾಜನ ಪಕ್ಕದ ಎಫ್7 ಮನೆಯ ಮೇಲೆ ಕಣ್ಣಿಟ್ಟಿವೆ (ಅಕ್ಷರ ಹಲಗೆಯ ಉದ್ದಸಾಲು, ಅಂಕಿ ಅಡ್ಡಸಾಲು). ಕಪ್ಪು ಅದನ್ನು ಕಾಯುವುದೇ ಇಲ್ಲ, ತನ್ನ ಒಂಟೆಯನ್ನು ಸಿ5ಕ್ಕೆ ತಂದಿಡುತ್ತದೆ. ಎಲ್ಲರೂ ಆ ಧೈರ್ಯದ ಬಗ್ಗೆ ಮಾತಾಡುತ್ತಾರೆ. ಆದರೆ ಟ್ರಾಕ್ಸ್ಲರ್ ಚೆಸ್ ಸಮಸ್ಯೆಗಳನ್ನು, ಅಂದರೆ ‘ಇಷ್ಟು ನಡೆಯಲ್ಲಿ ಮೇಟ್ ಮಾಡಿ’ ಎನ್ನುವಂಥ ಒಗಟುಗಳನ್ನು, ಕಟ್ಟುವವರೂ ಆಗಿದ್ದರು. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಇವತ್ತು ಆ ಓಪನಿಂಗಿನಲ್ಲಿ ಅವರು ಆಡಿದ ಒಂದು ಆಟವನ್ನು ಹಲಗೆಯ ಮೇಲೆ ನಿಧಾನವಾಗಿ ಆಡಿ ನೋಡಿದೆ.

ಅವರು ಹುಟ್ಟಿದ್ದು 1866ರಲ್ಲಿ, ಈಗಿನ ಚೆಕ್ ದೇಶದ ದಕ್ಷಿಣ ಬೊಹೀಮಿಯಾದಲ್ಲಿ. ಕ್ಯಾಥೊಲಿಕ್ ಪಾದ್ರಿ. 1936ರಲ್ಲಿ ತೀರಿಕೊಂಡರು. ಆಟ ನಡೆದದ್ದು 1890ರಲ್ಲಿ, ಹೊಸ್ಟೌನ್ ಎಂಬ ಊರಿನಲ್ಲಿ, ರೈನಿಷ್ ಎಂಬುವರ ಎದುರು. ಟ್ರಾಕ್ಸ್ಲರ್ ಅವರದು ಕಪ್ಪು.

ಬಿಳಿ ಕುದುರೆ ಎಫ್7 ಹೊಡೆಯುತ್ತದೆ. ಕಪ್ಪು ಒಂಟೆ ಎಫ್2 ಹೊಡೆದು ಚೆಕ್ ಕೊಡುತ್ತದೆ. ಬಿಳಿ ರಾಜ ಅದನ್ನು ಹೊಡೆಯದೆ ಇ2ಗೆ ಬರುತ್ತಾನೆ. ತಪ್ಪಿದ್ದು ಅಲ್ಲೇ. ಅಲ್ಲಿಂದ ಅವನು ಹಲಗೆಯ ನಡುವೆ ನಡೆಯಲೇಬೇಕು. ಕಪ್ಪು ತನ್ನ ರಾಣಿಯನ್ನು ಬಿಟ್ಟುಕೊಡುತ್ತದೆ. ಒಂದು ಕುದುರೆಯನ್ನೂ ಕೊಡುತ್ತದೆ. ಇನ್ನೊಂದು ಕುದುರೆ ಎಫ್6, ಇ4, ಸಿ5, ಎ6 ಸುತ್ತಿ ಕೊನೆಗೆ ಬಿ4ರಲ್ಲಿ ಪ್ರಾಣ ಕೊಡುತ್ತದೆ. ರಾಜ ಅದನ್ನು ಹೊಡೆದು, ಮೂರನೇ ಸಲ ಬಿ4ಕ್ಕೆ ಬಂದು ನಿಲ್ಲುತ್ತಾನೆ. ಆಗ ಒಂದು ಕಾಲಾಳು ಸಿ5ಕ್ಕೆ ನಡೆಯುತ್ತದೆ. 17ನೇ ನಡೆ, ಮೇಟ್.

ನನಗೆ ತುಂಬಾ ಹಿಡಿಸಿದ್ದು 14ನೇ ನಡೆ. ಎ6ರ ಒಂಟೆ ಪಕ್ಕಕ್ಕೆ ಸರಿದು, ಎ8ರ ಆನೆಯಿಂದ ಎ5ರಲ್ಲಿರುವ ಬಿಳಿ ರಾಜನಿಗೆ ಚೆಕ್ ಕೊಡಿಸಬೇಕು. ಆ ಒಂಟೆಯ ಓರೆ ದಾರಿಯಲ್ಲೇ, ಇ2ರಲ್ಲಿ, ಬಿಳಿ ರಾಣಿ ಕೂತಿದ್ದಾಳೆ. ಚೆಕ್ ಜೊತೆಗೇ ಅವಳನ್ನು ಹೊಡೆಯಬಹುದಿತ್ತು, ಆಮೇಲೂ ಇದೇ ಮೇಟ್ ಬರುತ್ತಿತ್ತು. ಟ್ರಾಕ್ಸ್ಲರ್ ಒಂಟೆಯನ್ನು ಒಂದು ಮನೆ ಮೊದಲೇ, ಡಿ3ರಲ್ಲಿ ನಿಲ್ಲಿಸಿದರು. ಎದುರಾಳಿಯ ರಾಣಿ ಬದುಕಿರುವಾಗಲೇ ಅವನ ರಾಜ ಸಾಯಬೇಕು! ಗೆಲುವಷ್ಟೇ ಬೇಕಾದವರು ಹೀಗೆ ಆಡುವುದಿಲ್ಲ, ಅಲ್ವಾ?

ಕೊನೆಯ ಚಿತ್ರದಲ್ಲಿ ಬಿ4ರ ರಾಜನ ಸುತ್ತಲಿನ ಮನೆಗಳನ್ನು ಒಂದೊಂದಾಗಿ ನೋಡಿದೆ. ಎ3, ಎ4, ಎ5 ಈ ಮೂರನ್ನೂ ಕಾಯುವುದು ಆನೆ ಮಾತ್ರ. ಬಿ5, ಸಿ4 ಡಿ3ರ ಒಂಟೆಯ ಪಾಲು. ಸಿ3, ಸಿ5 ಡಿ4ರ ಒಂಟೆಯ ಪಾಲು. ಬಿ3ರಲ್ಲಿ ಬಿಳಿಯದೇ ಒಂಟೆ ದಾರಿಗೆ ಅಡ್ಡ. ಯಾವ ಮನೆಗೂ ಎರಡು ಕಾವಲಿಲ್ಲ. ಇದನ್ನೇ ಪ್ಯೂರ್ ಮೇಟ್ ಅನ್ನುತ್ತಾರೆ.

ಬೊಹೀಮಿಯನ್ ಪಂಥದ ಸಮಸ್ಯೆಕಾರರು ಇನ್ನೂ ಜಾಸ್ತಿ ಕೇಳುತ್ತಿದ್ದರು. ಮೇಟ್ ಶುದ್ಧವಾಗಿದ್ದರೆ ಸಾಲದು, ದಾಳಿ ಮಾಡುವ ಕಡೆಯ ಕಾಯಿಗಳಿಗೆಲ್ಲ ಅದರಲ್ಲಿ ಕೆಲಸ ಇರಬೇಕು. ರಾಜನಿಗೂ ಕಾಲಾಳುಗಳಿಗೂ ಮಾತ್ರ ವಿನಾಯಿತಿ. ಅಂಥದ್ದು ಮಾಡೆಲ್ ಮೇಟ್. ಒಂದೇ ಸಮಸ್ಯೆಯಲ್ಲಿ, ಎದುರಾಳಿಯ ಬೇರೆ ಬೇರೆ ಉತ್ತರಗಳಿಗೆ, ಅಂಥ ಮೇಟ್‌ಗಳು ಮೂರಾದರೂ ಬರಬೇಕು. ಡೊಬ್ರುಸ್ಕಿ, ಪೊಸ್ಪಿಶಿಲ್ ಅವರಂಥವರು ಕಟ್ಟಿದ ಪಂಥ ಇದು. ಆ ಅಳತೆಯಲ್ಲಿ ಈ ಆಟಕ್ಕೆ ಒಂದೇ ಕೊರತೆ: ಎಚ್8ರ ಆನೆಗೆ ಮೇಟ್‌ನಲ್ಲಿ ಕೆಲಸವೇ ಇಲ್ಲ. ಎದುರಾಳಿಯ ಮುಂದೆ ಕೂತು ಆಡಿದ ಆಟದಲ್ಲಿ ಇಷ್ಟು ಹತ್ತಿರ ಬಂದದ್ದೇ ನನಗೆ ದೊಡ್ಡದು.

5ನೇ ನಡೆಯಲ್ಲಿ ಎಫ್7 ಹೊಡೆಯಲು ಕುದುರೆಗಿಂತ ಒಂಟೆಯೇ ಬಿಳಿಗೆ ಒಳ್ಳೆಯದು ಅಂತ ಈಗಿನ ಕಂಪ್ಯೂಟರ್‌ಗಳು ಹೇಳುತ್ತವೆ. ಇರಲಿ. ಮುಂದಿನ ವಾರ ಅದೇ ಪಂಥದ ಮಿರೊಸ್ಲಾವ್ ಹಾವೆಲ್ ಅವರ ಮೂರು ನಡೆಯ ಸಮಸ್ಯೆಗಳನ್ನು ಬಿಡಿಸಲು ಕೂರುತ್ತೇನೆ.