ಹಳೆ ಮನೆ ಕೊಂಡು ಮಾರುವವರು ರಿಪೇರಿ ದುಡ್ಡನ್ನು ಎಲ್ಲಿ ಹಾಕಬೇಕು

ದಾವಣಗೆರೆಯಲ್ಲಿ ಹಳೆ ಮನೆ ಕೊಂಡು, ರಿಪೇರಿ ಮಾಡಿಸಿ ಮಾರುವುದು ನನ್ನ ಕೆಲಸ. ಇದಕ್ಕೆ ಇಳಿಯಬೇಕು ಅಂತಿರುವ ಹುಡುಗರು ಫೋನ್ ಮಾಡಿದರೆ ಮೊದಲು ಕೇಳುವುದು ಇದನ್ನೇ: "ಅಣ್ಣ, ಯಾವ ಕೆಲಸ ಮಾಡಿಸಿದ್ರೆ ಜಾಸ್ತಿ ಲಾಭ ಬರುತ್ತೆ? ಮಾಡ್ಯುಲರ್ ಕಿಚನ್ನಾ, ಫಾಲ್ಸ್ ಸೀಲಿಂಗಾ?" ನಾನು ತಿರುಗಿ ಒಂದು ಮಾತು ಕೇಳುತ್ತೇನೆ. ಆ ಮನೆ ಕೊಳ್ಳುವವರು ದುಡ್ಡು ಎಲ್ಲಿಂದ ತರ್ತಾರೆ?

ನಮ್ಮೂರಲ್ಲಿ ಹಳೆ ಮನೆ ಕೊಳ್ಳಲು ಬರುವವರು ಹೆಚ್ಚಾಗಿ ಸಂಬಳದ ಮೇಲೆ ಬದುಕುವವರು, ಇಲ್ಲವೇ ಮಕ್ಕಳ ಓದಿಗೆ ಅಂತ ಚನ್ನಗಿರಿ, ಹೊನ್ನಾಳಿ, ಜಗಳೂರು ಕಡೆಯಿಂದ ಬಂದು ಊರಲ್ಲಿ ಒಂದು ಮನೆ ಇರಲಿ ಅನ್ನುವವರು. ಎರಡನೆಯವರಲ್ಲಿ ಅಡಿಕೆ ದುಡ್ಡು ಕೈಯಲ್ಲಿ ಹಿಡಿದು ಬರುವವರೂ ಇದ್ದಾರೆ. ಸಂಬಳದವರು ಮಾತ್ರ ಬ್ಯಾಂಕ್ ಸಾಲ ಇಲ್ಲದೆ ಕೊಳ್ಳಲಾರರು. ಸಾಲ ಅಂದಮೇಲೆ ಬ್ಯಾಂಕಿನ ಕಡೆಯಿಂದ ವ್ಯಾಲ್ಯುಯರ್ ಬರುತ್ತಾರೆ. ಅವರು ಸೈಟಿನ ಬೆಲೆ ಬೇರೆ, ಕಟ್ಟಡದ ಬೆಲೆ ಬೇರೆ ಬರೆಯುತ್ತಾರೆ. ಕಟ್ಟಡದ ಬೆಲೆಯಲ್ಲಿ ಅದರ ವಯಸ್ಸಿಗೆ ತಕ್ಕಂತೆ ಒಂದಿಷ್ಟು ಕಳೆಯುತ್ತಾರೆ. ಪಡಸಾಲೆಯ ಸೀಲಿಂಗಿನಲ್ಲಿ ನೀವು ಹಾಕಿಸಿದ ಬಣ್ಣಬಣ್ಣದ ಲೈಟಿಗೆ ಆ ಕಾಗದದಲ್ಲಿ ಹೆಚ್ಚು ಬೆಲೆ ಸಿಗುವುದಿಲ್ಲ.

ಇದರ ಮೇಲೆ ರಿಸರ್ವ್ ಬ್ಯಾಂಕಿನ ಮಿತಿ ಇದೆ. 30 ಲಕ್ಷದವರೆಗಿನ ಗೃಹಸಾಲಕ್ಕೆ ಮನೆ ಬೆಲೆಯ 90 ಪರ್ಸೆಂಟ್ ತನಕ ಕೊಡಬಹುದು. ಸಾಲ 30 ಲಕ್ಷ ದಾಟಿ 75 ಲಕ್ಷದೊಳಗಿದ್ದರೆ 80, ಅದಕ್ಕೂ ಮೇಲಾದರೆ 75. ನಾವು ಮಾರುವಂಥ ಮನೆಗಳಿಗೆ ಮುದ್ರಾಂಕ, ನೋಂದಣಿ ಖರ್ಚು ಈ ಲೆಕ್ಕಕ್ಕೆ ಸೇರುವುದಿಲ್ಲ. ಅಂದರೆ ವ್ಯಾಲ್ಯುಯರ್ ಬರೆದದ್ದಕ್ಕಿಂತ ನೀವು ಮೂರು ಲಕ್ಷ ಜಾಸ್ತಿ ಕೇಳಿದರೆ, ಆ ಮೂರು ಲಕ್ಷವೂ ಕೊಳ್ಳುವವರ ಕೈಯಿಂದಲೇ ಬರಬೇಕು. ಮುಂಗಡ ಕೊಟ್ಟು, ರಿಜಿಸ್ಟ್ರೇಷನ್ನಿಗೆ ಚಿನ್ನ ಅಡವಿಟ್ಟು ಆಗಲೇ ಕೈ ಖಾಲಿಯಾಗಿರುತ್ತದೆ. ಮನೆ ಇಷ್ಟವಾಗಿದ್ದರೂ ಅವರು ಹಿಂದೆ ಸರಿಯುವುದು ಇಲ್ಲೇ.

ಅದಕ್ಕೆ ನಾನು ಎರಡು ತರಹದ ಕೆಲಸಕ್ಕೆ ದುಡ್ಡು ಹಾಕುತ್ತೇನೆ. ವ್ಯಾಲ್ಯುಯರ್ ಕಾಗದದಲ್ಲಿ ಬರುವ ಕೆಲಸ, ಮತ್ತು ಕೊಳ್ಳುವವರ ಭಯ ಕಳೆಯುವ ಕೆಲಸ.

ಭಯದಲ್ಲಿ ಮೊದಲನೆಯದು ತೇವ. ಹಳೇ ದಾವಣಗೆರೆಯ ಒತ್ತೊತ್ತಾದ ಮನೆಗಳಲ್ಲಿ ಪಾಯದ ಮೇಲೆ ತೇವ ತಡೆಯುವ ಪದರವನ್ನೇ ಹಾಕಿರುವುದಿಲ್ಲ. ನೆಲದ ನೀರು ಗೋಡೆ ಹತ್ತುತ್ತದೆ. ಮೊಣಕಾಲೆತ್ತರಕ್ಕೆ ಬಣ್ಣ ಹೊಪ್ಪಳ ಏಳುತ್ತದೆ. ಉಗುರಲ್ಲಿ ಕೆರೆದರೆ ಬಿಳಿ ಉಪ್ಪು ಪುಡಿಪುಡಿಯಾಗಿ ಉದುರುತ್ತದೆ. ಅದರ ಮೇಲೆ ಟೈಲ್ಸ್ ಅಂಟಿಸಿ ಮುಚ್ಚಿಬಿಡಿ ಅನ್ನುವವರು ಸಿಗುತ್ತಾರೆ. ಹಾಗೆ ಮಾಡಿದರೆ ಆವಿಯಾಗಲು ದಾರಿ ಇಲ್ಲದೆ ತೇವ ಟೈಲ್ಸಿನ ಹಿಂದೆ ಇನ್ನೂ ಮೇಲಕ್ಕೆ ಹತ್ತುತ್ತದೆ. ಒಂದೇ ಮಳೆಗಾಲಕ್ಕೆ ಎದೆಮಟ್ಟದಲ್ಲಿ ಹೊಸ ಕಲೆ ಕಾಣುತ್ತದೆ. ನಮ್ಮ ಗಾರೆ ಮೇಸ್ತ್ರಿ ತೇವದ ಗೆರೆಗಿಂತ ಒಂದೂವರೆ ಅಡಿ ಮೇಲಿನ ತನಕ ಹಳೆ ಗಿಲಾವು ಕೆತ್ತಿಸುತ್ತಾರೆ. ಗೋಡೆ ಒಣಗಲು ಬಿಡುತ್ತಾರೆ. ನೀರು ಎಲ್ಲಿಂದ ಬರ್ತಿದೆ ಅಂತ ಹುಡುಕುತ್ತಾರೆ. ಎಷ್ಟೋ ಸಲ ಅದು ಹಿತ್ತಲ ಬಚ್ಚಲ ಮೋರಿಯ ಬಿರುಕಾಗಿರುತ್ತದೆ. ಅದನ್ನು ಸರಿಮಾಡಿದ ಮೇಲೇ ಹೊಸ ಗಿಲಾವು. ಇದಕ್ಕೆ ಸಮಯ ಬೇಕು, ಆ ಸಮಯವನ್ನು ನಾನು ಕಡಿಮೆ ಮಾಡಲು ಹೋಗುವುದಿಲ್ಲ.

ತಾರಸಿಯದ್ದೂ ಹಾಗೇ. ಮೇಸ್ತ್ರಿ ಎರಡು ಕೊಡ ನೀರು ಸುರಿದು ಸುಮ್ನೆ ನಿಂತು ನೋಡುತ್ತಾರೆ. ನೀರು ಪೈಪಿನ ಬಾಯಿಗೆ ಹೋಗದೆ ನಡುವೆ ನಿಂತರೆ ಇಳಿಜಾರು ಸರಿಯಿಲ್ಲ. ಅದನ್ನು ಬಿಟ್ಟು ಮೇಲೆ ವಾಟರ್‌ಪ್ರೂಫ್ ಬಣ್ಣ ಬಳಿದರೆ ಹೆಚ್ಚು ದಿನ ಬಾಳುವುದಿಲ್ಲ. ಇಳಿಜಾರು ಸರಿಯಾದ ಮೇಲೆ ಬಿಸಿಲು ತಡೆಯುವ ಬಿಳಿ ಬಣ್ಣ ಹಾಕಿಸುತ್ತೇನೆ. ಏಪ್ರಿಲ್‌ನಲ್ಲಿ ಮನೆ ನೋಡಲು ಬಂದವರಿಗೆ ಒಳಗೆ ಕಾಲಿಟ್ಟ ಕೂಡಲೇ ಅದರ ಬೆಲೆ ಗೊತ್ತಾಗುತ್ತದೆ.

ಎರಡನೇ ಭಯ ಕರೆಂಟು. ಅರ್ಥಿಂಗ್ ಇಲ್ಲದ, ಅಲ್ಯೂಮಿನಿಯಂ ವೈರಿನ ಮನೆ ಸಿಕ್ಕರೆ ಇಡೀ ವೈರಿಂಗ್ ತೆಗೆಸುತ್ತೇನೆ. ಲೈಟು, ಫ್ಯಾನಿಗೆ ಒಂದೂವರೆ, ಪ್ಲಗ್ಗಿಗೆ ಎರಡೂವರೆ, ಗೀಸರ್ ಮತ್ತು ಎಸಿಗೆ ನಾಲ್ಕು ಚದರ ಮಿಲಿಮೀಟರಿನ ತಾಮ್ರದ ವೈರು. ಜೊತೆಗೆ ಶಾಕ್ ಹೊಡೆದರೆ ಜೀವಕ್ಕೆ ಅಪಾಯವಾಗುವ ಮೊದಲೇ ಕರೆಂಟು ಕತ್ತರಿಸುವ 30 ಮಿಲಿಆಂಪಿನ ಆರ್‌ಸಿಸಿಬಿ. ಇದರಲ್ಲಿ ಉಳಿತಾಯ ನೋಡುವವರ ಜೊತೆ ನಾನು ಪಾಲುದಾರಿಕೆ ಮಾಡುವುದಿಲ್ಲ. ಆ ಮನೆಯಲ್ಲಿ ನಾಳೆ ಮಕ್ಕಳು ಓಡಾಡುತ್ತಾರೆ.

ಮೂರನೆಯದು ನೀರು. ಮನೆ ನೋಡಲು ಬರುವ ಗಂಡಸರು ಗೇಟು, ಪಾರ್ಕಿಂಗು ನೋಡುತ್ತಿರುತ್ತಾರೆ. ಅಷ್ಟರಲ್ಲಿ ಜೊತೆಗೆ ಬಂದ ಅಮ್ಮ ನೇರ ಅಡುಗೆ ಮನೆಗೆ ಹೋಗಿ ನಲ್ಲಿ ತಿರುಗಿಸಿರುತ್ತಾರೆ. "ನೀರು ಎಷ್ಟು ದಿನಕ್ಕೊಮ್ಮೆ ಬಿಡ್ತಾರ್ರಿ? ಸಂಪು ಎಷ್ಟು ದೊಡ್ಡದೈತಿ?" ಈ ಎರಡು ಪ್ರಶ್ನೆಗೆ ಗಟ್ಟಿ ಉತ್ತರ ಇಲ್ಲದ ಮನೆಗೆ ಚಂದದ ಅಡುಗೆ ಕಟ್ಟೆ ಕಟ್ಟಿಸಿ ಏನು ಪ್ರಯೋಜನ? ಬೋರ್‌ವೆಲ್‌ನ ಗಡಸು ನೀರು ಹರಿದ ಹಳೆ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಒಳಗೆ ತುಕ್ಕು, ಸುಣ್ಣ ಕಟ್ಟಿ ಬೆರಳು ತೂರದಷ್ಟು ಕಿರಿದಾಗಿರುತ್ತದೆ. ಅವನ್ನು ಕಿತ್ತು ತುಕ್ಕು ಹಿಡಿಯದ ಸಿಪಿವಿಸಿ ಪ್ಲಾಸ್ಟಿಕ್ ಪೈಪು ಹಾಕಿಸುತ್ತೇನೆ. ಸಂಪು ಸೋರುತ್ತಿದ್ದರೆ ಸರಿಮಾಡಿಸುತ್ತೇನೆ. ಒಂದೇ ಬಚ್ಚಲಿದ್ದ ಮನೆಗೆ ಎರಡನೆಯದು ಸೇರಿಸಲು ಜಾಗ ಇದ್ದರೆ ಖಂಡಿತ ಸೇರಿಸುತ್ತೇನೆ. ನಾನು ಮಾಡಿಸುವ ಕೆಲಸಗಳಲ್ಲಿ ಖರ್ಚಿಗಿಂತ ಹೆಚ್ಚು ಬೆಲೆ ತರುವುದು ಇದೇ. ವಯಸ್ಸಾದವರು ಇರುವ ಮನೆಯವರಿಗೆ ಕೂರುವ ಕಮೋಡ್ ಬೇಕೇ ಬೇಕು.

ವ್ಯಾಲ್ಯುಯರ್ ಕಾಗದದ ಮಾತಿಗೆ ಬಂದರೆ, ಮಂಜೂರಾದ ನಕ್ಷೆ, ಇ-ಖಾತಾ, ಕಟ್ಟಿದ ಕಂದಾಯದ ರಸೀದಿ, ಆಸ್ತಿಯ ಮೇಲೆ ಸಾಲ, ಋಣ ಇದೆಯಾ ಅಂತ ತೋರಿಸುವ ಇ.ಸಿ. ಇವು ಗಾರೆ ಕೆಲಸಕ್ಕಿಂತ ಮೊದಲು. ಮೇಲೆ ನಕ್ಷೆ ಇಲ್ಲದೆ ಕಟ್ಟಿದ ರೂಮಿಗೆ ಲಕ್ಷಗಟ್ಟಲೆ ಸುರಿದರೂ ಬ್ಯಾಂಕು ಅದನ್ನು ಲೆಕ್ಕಕ್ಕೆ ಹಿಡಿಯದೇ ಹೋಗಬಹುದು.

ಇನ್ನು ಬೀದಿ. ಪ್ರತಿ ಬೀದಿಗೂ ಇದಕ್ಕಿಂತ ಮೇಲೆ ಹೋಗಲ್ಲ ಅನ್ನುವ ಒಂದು ಬೆಲೆ ಇರುತ್ತದೆ. ಕಾರು ಒಳಗೆ ಬರದ ಓಣಿಯ ಮನೆಗೆ ಊರಿನ ಅನುಕೂಲಸ್ಥರ ಬಡಾವಣೆ ಎಂಸಿಸಿ ಬಿ ಬ್ಲಾಕಿನ ಮನೆಯಂಥ ಮರಗೆಲಸ ಮಾಡಿಸಿದರೂ ಓಣಿಯ ಬೆಲೆಯೇ ಸಿಗುವುದು. ಕಾಲೇಜುಗಳ ಹತ್ತಿರದ ಮನೆ ಕೊಳ್ಳುವವರು ಬಾಡಿಗೆ ಲೆಕ್ಕ ಹಾಕುತ್ತಾರೆ. ಅಲ್ಲಿ ಮೇಲಿನ ಅಂತಸ್ತಿಗೆ ಹೊರಗಿನಿಂದ ಬೇರೆ ಮೆಟ್ಟಿಲು, ಬೇರೆ ಮೀಟರ್ ಕೊಟ್ಟರೆ ಅದೇ ದೊಡ್ಡ ಅಲಂಕಾರ. ಹಳೆ ಮನೆಯ ಸಾಗವಾನಿ ಬಾಗಿಲು, ಕೆಂಪು ನೆಲ ಗಟ್ಟಿ ಇದ್ದರೆ ನಾನು ಕೀಳಿಸುವುದಿಲ್ಲ. ಪಾಲಿಶ್ ಮಾಡಿಸಿದರೆ ಸಾಕು, ಎಷ್ಟು ಚೆನ್ನಾಗಿ ಕಾಣುತ್ತದೆ ಅಂತ ನೋಡಿದವರಿಗೇ ಗೊತ್ತು. ಬಣ್ಣ ತಿಳಿ ಇರಲಿ. ಗೇಟಿಗೆ ಹೊಸ ಪೇಂಟ್ ಹೊಡೆಸಿ. ಇವೆರಡಕ್ಕೆ ಖರ್ಚು ಕಡಿಮೆ.

ಅಮೆರಿಕದಲ್ಲಿ ಈ ಕೆಲಸ ಮಾಡುವವರು 70 ಪರ್ಸೆಂಟ್ ಲೆಕ್ಕ ಅಂತ ಒಂದನ್ನು ಇಟ್ಟುಕೊಂಡಿದ್ದಾರೆ. ರಿಪೇರಿ ಆದ ಮೇಲೆ ಮನೆ 60 ಲಕ್ಷಕ್ಕೆ ಹೋಗುತ್ತದೆ ಅನ್ನಿ. ಅದರ 70 ಪರ್ಸೆಂಟ್ 42 ಲಕ್ಷ. ರಿಪೇರಿಗೆ 8 ಲಕ್ಷ ಬೇಕಾದರೆ ಕೊಳ್ಳುವ ಬೆಲೆ 34 ಲಕ್ಷ ದಾಟಬಾರದು. ನಮ್ಮಲ್ಲಿ ಸೈಟಿನ ಬೆಲೆಯೇ ದೊಡ್ಡ ಪಾಲಾದ್ದರಿಂದ ಅಷ್ಟು ಕಡಿಮೆಗೆ ಮನೆ ಸಿಗುವುದು ಅಪರೂಪ. ಆದರೂ ಮಾರುವ ಬೆಲೆಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬರುವ ಕ್ರಮ ನೂರಕ್ಕೆ ನೂರು ಸರಿ. ನಮ್ಮ ರಾಜ್ಯದಲ್ಲಿ ಮುದ್ರಾಂಕ ಶುಲ್ಕ 5 ಪರ್ಸೆಂಟ್, ಅದರ ಮೇಲೆ ಸೆಸ್, ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1ರ ಬದಲು 2 ಪರ್ಸೆಂಟ್ ಆಗಿದೆ. ಎಲ್ಲ ಸೇರಿ ಏಳೂವರೆ ಪರ್ಸೆಂಟ್ ದಾಟುತ್ತದೆ. 40 ಲಕ್ಷದ ಮನೆಗೆ ಮೂರು ಲಕ್ಷಕ್ಕೂ ಮೇಲೆ, ಒಂದು ಮೊಳೆ ಹೊಡೆಯುವ ಮೊದಲೇ ಹೋಯಿತು. ಕೊಂಡ 24 ತಿಂಗಳೊಳಗೆ ಮಾರಿದರೆ ಲಾಭ ಅಲ್ಪಾವಧಿಯದ್ದಾಗಿ ನಿಮ್ಮ ಸ್ಲ್ಯಾಬಿನ ದರದಲ್ಲಿ ತೆರಿಗೆ. ಇದನ್ನೇ ವ್ಯಾಪಾರವಾಗಿ ಮಾಡುವವರಿಗೆ ಅದು ವ್ಯಾಪಾರದ ಆದಾಯ. ಎರಡರಲ್ಲೂ ರಿಪೇರಿ ಖರ್ಚು ಕಳೆಯಬೇಕಾದರೆ ಬಿಲ್ ಬೇಕು. ಬಿಲ್ ಇಲ್ಲದೆ ಕಡಿಮೆಗೆ ಕೊಡ್ತೀನಿ ಅನ್ನುವ ಅಂಗಡಿಯವರಿಗೆ ನಾನು ಕೈಮುಗಿದು ಬಂದುಬಿಡುತ್ತೇನೆ.

ಆ ಬಿಲ್ಲುಗಳಿಂದ ಇನ್ನೊಂದು ಉಪಯೋಗವಿದೆ. ಗೋಡೆ ಮುಚ್ಚುವ ಮೊದಲು ಪೈಪು, ವೈರಿಂಗು ಎಲ್ಲೆಲ್ಲಿ ಹೋಗಿದೆ ಅಂತ ಫೋಟೊ ತೆಗೆಸಿ, ವೈರಿನ ಬಿಲ್ಲು, ವಾಟರ್‌ಪ್ರೂಫಿಂಗಿನ ಗ್ಯಾರಂಟಿ ಕಾರ್ಡು ಎಲ್ಲ ಒಂದು ಫೈಲಿಗೆ ಸೇರಿಸಿ ಕೊಳ್ಳುವವರ ಮುಂದೆ ಇಡುತ್ತೇನೆ. ಅವರು ಅದನ್ನು ಪುಟಪುಟ ತಿರುಗಿಸಿ ನೋಡುತ್ತಾರೆ. ಆಮೇಲೆ ಚೌಕಾಸಿ ಸಾವಿರಗಳಲ್ಲಿ ನಡೆಯುತ್ತದೆ, ಲಕ್ಷಗಳಲ್ಲಿ ನಡೆಯುವುದಿಲ್ಲ.