ಅಸ್ಸೀಸಿಯ ಗೋಡೆಗಳನ್ನು ನೋಡುವ ಬಗೆ

ರೋಮ್‌ನಿಂದ ರೈಲಿನಲ್ಲಿ ಎರಡು ಗಂಟೆಯ ಆಸುಪಾಸು. ಅಸ್ಸೀಸಿಯ ನಿಲ್ದಾಣ ಇರುವುದು ಗುಡ್ಡದ ಬುಡದಲ್ಲಿ. ಊರಿಗೆ ಬಸ್ಸು ಹಿಡಿಯಬೇಕು. ಗೋಡೆಚಿತ್ರಗಳಿರುವುದು ಸಂತ ಫ್ರಾನ್ಸಿಸ್ಸರ ಬೆಸಿಲಿಕಾ ಎಂಬ ದೊಡ್ಡ ಚರ್ಚಿನಲ್ಲಿ; ಅದಕ್ಕೆ ಟಿಕೆಟ್ಟಿಲ್ಲ. ಭುಜ, ಮೊಣಕಾಲು ಮುಚ್ಚಿರಬೇಕು. ಒಳಗೆ ಫೋಟೋ ತೆಗೆಯುವಂತಿಲ್ಲ.

ಫ್ರಾನ್ಸಿಸ್ಸರು ತೀರಿಕೊಂಡದ್ದು 1226ರಲ್ಲಿ. 1228ರ ಜುಲೈನಲ್ಲಿ ಪೋಪ್ ಒಂಬತ್ತನೇ ಗ್ರೆಗೊರಿ ಅವರನ್ನು ಸಂತರೆಂದು ಸಾರಿ, ಮರುದಿನವೇ ಅಡಿಗಲ್ಲು ಹಾಕಿದರು. ಒಂದರ ಮೇಲೊಂದು ಎರಡು ಚರ್ಚು, ಒತ್ತಿಕೊಂಡೇ ಸನ್ಯಾಸಿಗಳ ಮಠ. ಕೆಳಗಿನ ಚರ್ಚು, ಅದರಡಿಯ ಸಮಾಧಿ ನೋಡಿಕೊಂಡು ಮೇಲೆ ಹತ್ತಿ. ಸಂತರ ಬದುಕಿನ 28 ಚಿತ್ರಗಳ ಸಾಲು ಶುರುವಾಗುವುದು ಬಲಿಪೀಠದ ಹತ್ತಿರ, ಪೀಠಕ್ಕೆ ಮುಖಮಾಡಿದರೆ ಬಲಗೋಡೆಯಲ್ಲಿ. ಮುಂಬಾಗಿಲಿನಿಂದ ಬಂದವರು ಕಥೆಯ ನಡುವೆ ಬಂದು ನಿಲ್ಲುತ್ತಾರೆ. ಹಕ್ಕಿಗಳಿಗೆ ಉಪದೇಶ ಮಾಡುವ ಹೆಸರಾಂತ ಚಿತ್ರ ಆ ಬಾಗಿಲಿನ ಗೋಡೆಯಲ್ಲೇ ಇದೆ. ಇವನ್ನು ಬರೆದದ್ದು ಜೊತ್ತೊ ಎಂಬ ಚಿತ್ರಕಾರ ಹೌದೋ ಅಲ್ಲವೋ ಎಂಬ ವಾದ ಇನ್ನೂ ನಿಂತಿಲ್ಲ.

ಗೋಡೆಯ ಕೆಲಸ ಮಾತ್ರ ಸ್ಪಷ್ಟವಾಗಿ ಓದಲು ಸಿಗುತ್ತದೆ. ಮೊದಲು ಒರಟು ಗಾರೆ, ಅದರ ಮೇಲೆ ಆ ದಿನ ಬರೆದು ಮುಗಿಸುವಷ್ಟೇ ಜಾಗಕ್ಕೆ ನುಣುಪು ಸುಣ್ಣದ ಗಾರೆ. ಅದು ಹಸಿಯಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಸುಣ್ಣ ಗಾಳಿಯ ಇಂಗಾಲಾಮ್ಲ ಹೀರಿ ಗಟ್ಟಿಯಾಗುತ್ತಾ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ. ಒಂದು ದಿನದ ತುಂಡಿಗೆ ಇಲ್ಲಿ ‘ಜೊರ್ನಾತಾ’ ಎನ್ನುತ್ತಾರೆ. ಪಕ್ಕದಿಂದ ಬೆಳಕು ಬಿದ್ದಾಗ ತಲೆಗಳ ಸುತ್ತ ಗಮನಿಸಿ: ಒಂದು ತುಂಡಿನ ಅಂಚು ಇನ್ನೊಂದರ ಮೇಲೆ ತುಸು ಏರಿರುತ್ತದೆ. ಏರಿದ್ದು ಆಮೇಲಿನ ಕೆಲಸ. ಕೆಲಸ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ, ಇಲ್ಲವಾದರೆ ಮುಗಿದ ಚಿತ್ರದ ಮೇಲೆ ಗಾರೆ ಸೋರುತ್ತದೆ. ನೀಲಿಯನ್ನು ಒಣಗಿದ ಮೇಲೆ ಅಂಟಿನಲ್ಲಿ ಹಚ್ಚುತ್ತಿದ್ದರು. ಹಲವೆಡೆ ಅದೇ ಉದುರಿಹೋಗಿದೆ.

ಇದೇ ಮೇಲಿನ ಚರ್ಚಿನಲ್ಲಿ, ಚಿಮಬುಯೆ ಎಂಬ ಚಿತ್ರಕಾರ ಬರೆದ, ಯೇಸುವನ್ನು ಶಿಲುಬೆಗೇರಿಸಿದ ಚಿತ್ರದ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ. ಬೆಳ್ಳಗಿರಬೇಕಾದ ಮುಖ, ಬಟ್ಟೆ ಎಲ್ಲ ಕಪ್ಪಾಗಿ, ಫೋಟೋದ ನೆಗೆಟಿವ್‌ನಂತೆ ಕಾಣುತ್ತದೆ. ಬಿಳಿಗೆ ಬಳಸಿದ್ದು ಸೀಸದ ಬಣ್ಣ; ಗೋಡೆಯ ಮೇಲೆ ಅದು ರಾಸಾಯನಿಕವಾಗಿ ಮಾರ್ಪಟ್ಟು ಕಪ್ಪಾಯಿತು. ಸುಣ್ಣದ ಬಿಳಿ ಬಳಸಿದ್ದರೆ ಹೀಗಾಗುತ್ತಿರಲಿಲ್ಲ.

1997ರ ಸೆಪ್ಟೆಂಬರ್ 26ರ ಭೂಕಂಪದಲ್ಲಿ ಮೇಲಿನ ಚರ್ಚಿನ ಕಮಾನು ಚಾವಣಿಯ ಭಾಗಗಳು ಕುಸಿದು ನಾಲ್ವರು ಸತ್ತರು. ಶತಮಾನಗಳ ರಿಪೇರಿಯಲ್ಲಿ ಚಾವಣಿಯ ಬೆನ್ನಿನ ಮೇಲೆ ಸೇರಿದ್ದ ಕಲ್ಲುಮಣ್ಣಿನ ಭಾರವೂ ಅದಕ್ಕೆ ಕಾರಣ. ಆ ಭಾರ ತೆಗೆದು, ಚಾವಣಿ ಬಿಗಿಗೊಳಿಸಿ 1999ರ ನವೆಂಬರಿನಲ್ಲಿ ಚರ್ಚನ್ನು ಮತ್ತೆ ತೆರೆದರು. ಪುಡಿಯಾದ ಚಿತ್ರದ ಚೂರುಗಳನ್ನು ಒಂದೊಂದಾಗಿ ಜೋಡಿಸಿದ್ದಾರೆ. ಬಲಿಪೀಠದ ಮೇಲಿನ ಚಾವಣಿಯಲ್ಲಿ ಚಿಮಬುಯೆಯ ಸಂತ ಮತ್ತಾಯನನ್ನು ಹುಡುಕಿ: ಸಿಕ್ಕಷ್ಟು ಚೂರು ಕೂಡಿಸಿ, ಸಿಗದ ಕಡೆ ಹೊಸ ಚಿತ್ರ ಬರೆಯದೆ ಹಾಗೇ ಬಿಟ್ಟಿದ್ದಾರೆ.